ಓದುಗರ ಪ್ರಶ್ನೆ, ನಮ್ಮ ಮನೆಯ ಉತ್ತರ: ಮಕ್ಕಳ ಜೊತೆ ಮಾನ್‌ಸ್ಟರ್ ಟ್ರಕ್ ನೋಡಲು ಹೊರಟವರಿಗೆ

ಹೋದ ಸಂಚಿಕೆಯ ಅಂಕಣದ ಕೊನೆಯಲ್ಲಿ ಒಂದು ಪುಟ್ಟ ಸುದ್ದಿ ಬರೆದಿದ್ದೆ. ಹ್ಯೂಸ್ಟನ್‌ನ ಎನ್‌ಆರ್‌ಜಿ ಸ್ಟೇಡಿಯಂನಲ್ಲಿ ಮಾನ್‌ಸ್ಟರ್ ಜ್ಯಾಮ್ ನೋಡಲು ನಾವು ಮನೆಮಂದಿ ಐದೂ ಜನ ಹೋಗಿ ಬಂದೆವು ಅಂತ. ನಾನು, ನಮ್ಮವರು, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ, ಹರಿಹರದಿಂದ ಬಂದಿರುವ ನಮ್ಮತ್ತೆ. ಆ ನಾಲ್ಕು ಸಾಲಿಗೆ ಬಂದ ಪತ್ರಗಳೇ ಈ ಸಲದ ಅಂಕಣ ತುಂಬುವಷ್ಟಿವೆ. ಹಾಗಾಗಿ ಬೇರೆ ವಿಷಯ ಮುಂದಿನ ತಿಂಗಳಿಗೆ.

ನೋಡದವರಿಗೆ ಎರಡು ಮಾತು. ಆಳೆತ್ತರದ ಟೈರಿನ ಟ್ರಕ್ಕುಗಳು ಸ್ಟೇಡಿಯಂ ಒಳಗೆ ಮಣ್ಣಿನ ದಿಬ್ಬಗಳ ಮೇಲೆ ಓಡುತ್ತವೆ, ಹಾರುತ್ತವೆ, ಎರಡೇ ಚಕ್ರದ ಮೇಲೆ ನಿಲ್ಲುತ್ತವೆ. ಕೆಲವೊಮ್ಮೆ ಮಗುಚಿ ಬೀಳುತ್ತವೆ. ಊರಲ್ಲಿ ನಾವು ಸರ್ಕಸ್‌ಗೆ ಹೋಗುತ್ತಿದ್ದ ಹಾಗೆ ಅಮೆರಿಕದಲ್ಲಿ ಜನ ಮಕ್ಕಳನ್ನು ಕಟ್ಟಿಕೊಂಡು ಇದಕ್ಕೆ ಹೋಗುತ್ತಾರೆ. ನನಗೆ ಇದರ ಮೇಲೆ ಪ್ರೀತಿ ಜಾಸ್ತಿ. ನಮ್ಮಪ್ಪನ ಲಾರಿ ಗ್ಯಾರೇಜು ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿತ್ತು. ಸ್ಕೂಲ್ ಬಿಟ್ಟ ಮೇಲೆ ಲಾರಿಯ ನೆರಳಲ್ಲೇ ಕೂತು ಹೋಂವರ್ಕ್ ಮಾಡಿದವಳು ನಾನು.

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ. ಆಟದ ಟ್ರಕ್ ಹಿಡಿದುಕೊಂಡೇ ಮಲಗುತ್ತಾನೆ. ಆದರೆ ಮಿಕ್ಸಿ ಸದ್ದಿಗೇ ಕಿವಿ ಮುಚ್ಚಿಕೊಳ್ಳುತ್ತಾನೆ. ಇಂಥವನನ್ನು ಕರೆದುಕೊಂಡು ಹೋಗಬಹುದಾ?
— ಒಬ್ಬ ತಾಯಿ, ಡಲ್ಲಾಸ್

ಹೋಗಬಹುದು. ಆದರೆ ಕಿವಿಗೆ ಹಾಕುವುದನ್ನು ಮೊದಲು ಕೊಳ್ಳಿ, ಟಿಕೆಟ್ ಆಮೇಲೆ.

ನಮ್ಮ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ. ಎರಡು ವರ್ಷದ ಹಿಂದೆ ಮೊದಲ ಸಲ ಹೋದಾಗ ಮಗನಿಗೆ ಮೂರು ವರ್ಷ. ಕಿವಿಯೊಳಗೆ ತುರುಕುವ ಸ್ಪಂಜಿನ ಬಿರಡೆ ತೆಗೆದುಕೊಂಡು ಹೋಗಿದ್ದೆ. ಅದು ದೊಡ್ಡವರ ಕಿವಿಗೆ ಮಾಡಿದ್ದು. ಅವನ ಪುಟ್ಟ ಕಿವಿಯಲ್ಲಿ ನಿಲ್ಲಲೇ ಇಲ್ಲ. ಮೊದಲ ಟ್ರಕ್ ಸ್ಟಾರ್ಟ್ ಆಯಿತು. ಮಗು ಸೆಟೆದುಕೊಂಡಿತು. ಅಳುವುದಕ್ಕೂ ಉಸಿರು ಬರಲಿಲ್ಲ. ಎತ್ತಿಕೊಂಡು ಹೊರಗೆ ಓಡಿದೆ. ಉಳಿದ ಎರಡು ಗಂಟೆ ನಾವಿಬ್ಬರೂ ಹೊರಗಿನ ಓಣಿಯ ನೆಲದ ಮೇಲೆ ಕೂತಿದ್ದೆವು. ಆ ದಿನ ನೆನಪಾದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಸದ್ದು ಎಷ್ಟು ಅಂತ ಕೇಳಿದರೆ ಹೀಗೆ ಹೇಳಬಹುದು. ಅಮೆರಿಕದಲ್ಲಿ ಕೆಲಸಗಾರರ ಆರೋಗ್ಯ ನೋಡುವ ಸಂಸ್ಥೆ ನಿಯೋಶ್ ಒಂದು ಲೆಕ್ಕ ಕೊಟ್ಟಿದೆ. 85 ಡೆಸಿಬಲ್ ಸದ್ದಿನಲ್ಲಿ 8 ಗಂಟೆ ಇರಬಹುದು. 100 ಡೆಸಿಬಲ್ ಆದರೆ 15 ನಿಮಿಷ ಮಾತ್ರ. ಅದೂ ದೊಡ್ಡವರಿಗೆ. ಇಲ್ಲಿ ಟ್ರಕ್ಕುಗಳು ಬಿಡುವು ಕೊಟ್ಟು ಕೊಟ್ಟು ಓಡುತ್ತವೆ, ನಿಜ. ಆದರೆ ಓಡುವಾಗಿನ ಸದ್ದು ಕಿವಿಗಲ್ಲ, ಎದೆಗೇ ಬಡಿಯುತ್ತದೆ. ಕಿವಿ ಒಮ್ಮೆ ಕೆಟ್ಟರೆ ರಿಪೇರಿ ಇಲ್ಲ.

ಕಿವಿಯ ಮೇಲೆ ಪೂರ್ತಿ ಕೂರುವ, ಮಕ್ಕಳ ಅಳತೆಯ ಇಯರ್ ಮಫ್ ತನ್ನಿ. ಎರಡು ವಾರ ಮುಂಚೆಯೇ ಮನೆಗೆ ಬರಲಿ. ನಾನು ಏನು ಮಾಡಿದೆ ಅಂದರೆ, ದಿನಾ ಬೆಳಿಗ್ಗೆ ಚಟ್ನಿ ರುಬ್ಬುವಾಗ ಅದನ್ನು ಅವನ ತಲೆಗೆ ಹಾಕಿಸಿ, ಮಿಕ್ಸಿ ಗುಂಡಿಯನ್ನು ಅವನ ಕೈಯಲ್ಲೇ ತಿರುಗಿಸಿದೆ. ಸದ್ದು ಶುರು ಮಾಡುವವನೂ ಅವನೇ, ನಿಲ್ಲಿಸುವವನೂ ಅವನೇ. ನಾಲ್ಕನೇ ದಿನಕ್ಕೆ ಹೆದರಿಕೆ ಹೋಯಿತು. ನಿಮ್ಮ ಮಗನಿಗೂ ಮಿಕ್ಸಿಯಿಂದಲೇ ಶುರು ಮಾಡಿ.

ಇನ್ನೊಂದು. ಆಟಕ್ಕೆ ಮುಂಚೆ ಪಿಟ್ ಪಾರ್ಟಿ ಅಂತ ಇರುತ್ತದೆ. ಅದಕ್ಕೆ ಬೇರೆ ಟಿಕೆಟ್. ಎಂಜಿನ್ ಆಫ್ ಆಗಿ ನಿಂತ ಟ್ರಕ್ಕುಗಳ ಹತ್ತಿರ ಹೋಗಬಹುದು, ಡ್ರೈವರ್‌ಗಳನ್ನು ಮಾತಾಡಿಸಬಹುದು, ಸಹಿ ಹಾಕಿಸಿಕೊಳ್ಳಬಹುದು. ಕೈ ಬಿಗಿ ಇದ್ದರೆ ತಿಂಡಿ, ಆಟಿಕೆ ಬಿಡಿ, ಇದನ್ನು ಬಿಡಬೇಡಿ. ಸುಮ್ಮನೆ ನಿಂತ ಟ್ರಕ್ಕನ್ನು ಮಗು ಒಮ್ಮೆ ಮುಟ್ಟಿ ನೋಡಿದರೆ, ಆಮೇಲೆ ಅದೇ ಟ್ರಕ್ ಗುಡುಗಿದಾಗ "ಇದು ನನಗೆ ಗೊತ್ತಿರೋದು" ಅನ್ನುವ ಧೈರ್ಯ ಇರುತ್ತದೆ. ಸೀಟು ಮೇಲಿನ ಸಾಲಿನಲ್ಲಿ, ದಾರಿಯ ಪಕ್ಕದಲ್ಲೇ ತೆಗೆದುಕೊಳ್ಳಿ. ಅಳು ಬಂದರೆ ಎದ್ದು ಹೋಗಲು ಹತ್ತು ಜನರ ಮೊಣಕಾಲು ದಾಟಬೇಕಾಗಬಾರದು.

ಪ್ರಶ್ನೆ: ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತನಾದವನು ನಾನು. ಮೊಮ್ಮಗ ಫೋನಿನಲ್ಲಿ ತೋರಿಸಿದ. ಅಷ್ಟು ದೊಡ್ಡ ಟೈರು ಇಟ್ಟುಕೊಂಡು ಅಷ್ಟು ಚಿಕ್ಕ ಜಾಗದಲ್ಲಿ ಅದು ಹೇಗೆ ತಿರುಗುತ್ತದೆ? ಬಿದ್ದರೂ ಪಾಟಾ ಮುರಿಯುವುದಿಲ್ಲವಾ?
— ಓದುಗರು, ಹಾಸನ

ಸರ್, ನಿಮ್ಮ ಪತ್ರ ಓದಿ ನಮ್ಮಪ್ಪನೇ ಎದುರು ಕೂತು ಕೇಳಿದ ಹಾಗಾಯಿತು. ಅವರೂ ಇದನ್ನೇ ಕೇಳುತ್ತಿದ್ದರು.

ಪಾಟಾ, ಅಂದರೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗು, ಮುರಿಯುವುದಿಲ್ಲ, ಯಾಕಂದರೆ ಪಾಟಾನೇ ಇಲ್ಲ. ಅದರ ಜಾಗದಲ್ಲಿ ನೈಟ್ರೋಜನ್ ಅನಿಲ ಮತ್ತು ಎಣ್ಣೆ ತುಂಬಿದ ಉದ್ದನೆಯ ಶಾಕ್ ಅಬ್ಸಾರ್ಬರ್‌ಗಳು. ಚಕ್ರ ಎರಡು ಅಡಿಗಿಂತ ಜಾಸ್ತಿ ಮೇಲೆ ಕೆಳಗೆ ಆಡಬಲ್ಲದು. ಟ್ರಕ್ ನೆಲಕ್ಕೆ ಬಿದ್ದಾಗ ಮೊದಲು ಟೈರು ಚಪ್ಪಟೆಯಾಗುತ್ತದೆ, ಆಮೇಲೆ ಶಾಕ್ ಕುಗ್ಗುತ್ತದೆ. ಮೇಲಿನ ಬಾಡಿ ಫೈಬರ್‌ಗ್ಲಾಸ್, ಬರೀ ಅಂಗಿ ಇದ್ದ ಹಾಗೆ. ಒಳಗಿರುವ ಉಕ್ಕಿನ ಕೊಳವೆಯ ಪಂಜರವೇ ನಿಜವಾದ ಮೈ.

ತಿರುಗುವುದು ಹಿಂದಿನ ಚಕ್ರದಿಂದಲೂ. ಮುಂದಿನ ಚಕ್ರಗಳಿಗೆ ಸ್ಟೀರಿಂಗ್ ಇದ್ದ ಹಾಗೆ ಹಿಂದಿನವಕ್ಕೂ ಇದೆ, ಬೇರೆಯಾಗಿ. ಡ್ರೈವರ್ ಒಂದು ಕೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತಾ, ಇನ್ನೊಂದು ಕೈಯಿಂದ ಪುಟ್ಟ ಸ್ವಿಚ್ ಒತ್ತಿ ಹಿಂದಿನ ಚಕ್ರ ಹೊರಳಿಸುತ್ತಾರೆ. ಹಾಸನದ ಹಳೇ ಬಸ್ ಸ್ಟ್ಯಾಂಡಿನಲ್ಲಿ ಬಸ್ ತಿರುಗಿಸಿದ ನಿಮಗೆ ಇದರ ಬೆಲೆ ಗೊತ್ತಾಗುತ್ತದೆ. ಡ್ರೈವರ್ ಸೀಟು ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ, ನಟ್ಟ ನಡುವೆ.

ತೂಕ ಸುಮಾರು 12,000 ಪೌಂಡ್, ಅಂದರೆ ಹತ್ತಿರ ಹತ್ತಿರ 5,400 ಕೆ.ಜಿ. ಎಂಜಿನ್ ಶಕ್ತಿ ಸುಮಾರು 1,500 ಹಾರ್ಸ್‌ಪವರ್. ನಮ್ಮಪ್ಪನ ಗ್ಯಾರೇಜಿಗೆ ಬರುತ್ತಿದ್ದ ಲಾರಿಗಳಿಗೆ ನೂರು, ನೂರಿಪ್ಪತ್ತು ಇದ್ದರೆ ಹೆಚ್ಚು. ಡೀಸೆಲ್ ಅಲ್ಲ ಸರ್, ಮೆಥನಾಲ್. ಅದಕ್ಕೆ ಬೆಂಕಿ ಹತ್ತಿದರೆ ಹಗಲಿನಲ್ಲಿ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಹಾಗಾಗಿ ಬೆಂಕಿ ಆರಿಸುವವರು ಸುತ್ತ ನಿಂತೇ ಇರುತ್ತಾರೆ.

ಈಗ ಟೈರಿನ ವಿಷಯ. ಎತ್ತರ 66 ಇಂಚು, ಅಗಲ 43 ಇಂಚು. ನಮ್ಮತ್ತೆ ಐದಡಿ ಇದ್ದಾರೆ. ಪಿಟ್ ಪಾರ್ಟಿಯಲ್ಲಿ ಟೈರಿನ ಪಕ್ಕ ನಿಲ್ಲಿಸಿ ಫೋಟೋ ತೆಗೆದರೆ ಅವರ ತಲೆಗಿಂತ ಅರ್ಧ ಅಡಿ ಮೇಲಕ್ಕೆ ರಬ್ಬರ್! ಈ ಅಳತೆಯ ಟೈರು ಮೊದಲು ಹುಟ್ಟಿದ್ದು ಆಟಕ್ಕಲ್ಲ. ಹೊಲಕ್ಕೆ ಗೊಬ್ಬರ ಹರಡುವ ದೊಡ್ಡ ಯಂತ್ರಗಳಿಗೆ. ಅಗಲ ಜಾಸ್ತಿ ಇದ್ದರೆ ಯಂತ್ರ ಮೆತ್ತನೆ ಮಣ್ಣಿನಲ್ಲಿ ಹೂಳುವುದಿಲ್ಲ, ಅಲ್ವಾ? ನಾನು ಟೈರಿನ ಮೈ ಮೇಲೆ ಅಕ್ಷರ ಓದಿದೆ. ಬಿಕೆಟಿ ಅಂತ ಇತ್ತು. ಬಾಲಕೃಷ್ಣ ಇಂಡಸ್ಟ್ರೀಸ್, ಮುಂಬೈನದು. ಟ್ರ್ಯಾಕ್ಟರ್ ಟೈರು ಮಾಡುವ ಕಂಪನಿ. 2014ರಿಂದ ಮಾನ್‌ಸ್ಟರ್ ಜ್ಯಾಮ್‌ಗೆ ಟೈರು ಮಾಡಿಕೊಡುವುದು ಅವರೇ. ಅತ್ತೆಗೆ ಹೇಳಿದೆ. ಅವರು ಟೈರಿನ ಮೇಲೆ ಕೈ ಇಟ್ಟು, "ನಮ್ಮ ಕಡೇದು" ಅಂದರು. ನನಗೆ ಗಂಟಲು ಕಟ್ಟಿತು.

ಪ್ರಶ್ನೆ: ಕುಸ್ತಿ ಕಾರ್ಯಕ್ರಮಗಳ ಹಾಗೆ ಇದೂ ಮೊದಲೇ ಮಾತಾಡಿಕೊಂಡು ಮಾಡುವ ಆಟ ಅಂತ ನನ್ನ ಗೆಳೆಯ ವಾದ ಮಾಡುತ್ತಾನೆ. ಬೀಳುವುದೆಲ್ಲಾ ನಿಜವಾ?
— ಓದುಗರು, ಹುಬ್ಬಳ್ಳಿ

ಬೀಳುವುದು ನಿಜ. ಮುರಿಯುವುದೂ ನಿಜ. ಐದು ಟನ್ ತೂಕ ಗಾಳಿಯಲ್ಲಿ ಇರುವಾಗ ಯಾರ ಮಾತೂ ಕೇಳುವುದಿಲ್ಲ.

ಓಟ, ಎರಡು ಚಕ್ರದ ಕಸರತ್ತು, ಮನಸ್ಸಿಗೆ ಬಂದ ಹಾಗೆ ಆಡುವ ಫ್ರೀಸ್ಟೈಲ್ ಅಂತ ಸುತ್ತುಗಳು ಇರುತ್ತವೆ. ಓಟದಲ್ಲಿ ಯಾರು ಮುಂದೋ ಅವರು ಗೆದ್ದರು. ಉಳಿದದ್ದಕ್ಕೆ ಅಂಕ ಕೊಡುವವರು ನೋಡಲು ಬಂದ ಜನರೇ, ತಮ್ಮ ಫೋನಿನಲ್ಲಿ, 10ಕ್ಕೆ ಇಷ್ಟು ಅಂತ. ನನ್ನ ಮಗ ಎಲ್ಲರಿಗೂ ಹತ್ತಕ್ಕೆ ಹತ್ತು ಕೊಡಿಸಿದ. ಬಿದ್ದವರಿಗೂ. "ಅಮ್ಮ, ಅವರಿಗೆ ಪಾಪ ಬೇಜಾರಾಗಿರುತ್ತೆ" ಅಂದ.

ಟ್ರಕ್ ಹಿಂದಕ್ಕೆ ಲಾಗ ಹಾಕುವುದನ್ನು ನಿಮ್ಮ ಗೆಳೆಯರಿಗೆ ತೋರಿಸಿ. ಸ್ಪರ್ಧೆಯಲ್ಲಿ ಅದನ್ನು ಮೊದಲು ಮಾಡಿ ಚಕ್ರದ ಮೇಲೆ ನಿಂತವರು ಕ್ಯಾಮ್ ಮೆಕ್ವೀನ್, 2010ರಲ್ಲಿ, ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ. ಅದಕ್ಕೆ ಮುಂಚೆ ಪ್ರಯತ್ನಪಟ್ಟವರು ತಲೆಕೆಳಗಾಗಿ ಬಿದ್ದಿದ್ದರು.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಲಾಗ ಅಲ್ಲ. ನಾವು ಹೋದ ದಿನ ಒಂದು ಟ್ರಕ್ ಓಟದ ಸುತ್ತಿನಲ್ಲೇ ಮಗುಚಿತು. ಬಾಡಿ ಸೀಳಿತು, ಒಂದು ಚಕ್ರ ವಾರೆಯಾಯಿತು. ಡ್ರೈವರ್ ಎದ್ದು ಬಂದು ಕೈ ಬೀಸಿದರು. ಜನ ಚಪ್ಪಾಳೆ ತಟ್ಟಿ ಮುಂದಿನದಕ್ಕೆ ಕಣ್ಣು ಹಾಕಿದರು. ನಾನು ಮಾತ್ರ ಬೈನಾಕ್ಯುಲರ್‌ನಲ್ಲಿ ಮೂಲೆಯನ್ನೇ ನೋಡುತ್ತಿದ್ದೆ. ಅಲ್ಲಿ ನಾಲ್ಕೈದು ಮೆಕ್ಯಾನಿಕ್‌ಗಳು ಜಾಕಿ ಕೊಟ್ಟು, ಪಾನಾ ಹಿಡಿದು ಕೆಳಗೆ ನುಗ್ಗಿದ್ದರು. ಒಬ್ಬ ಸುಮ್ನೆ ಕೈ ಚಾಚುತ್ತಿದ್ದ, ಇನ್ನೊಬ್ಬ ಕೇಳದೆಯೇ ಸರಿಯಾದ ಪಾನಾ ಇಡುತ್ತಿದ್ದ. ನಮ್ಮಪ್ಪ ಮತ್ತು ಅವರ ಮೇಸ್ತ್ರಿ ಹಾಗೇ ಕೆಲಸ ಮಾಡುತ್ತಿದ್ದರು. ಬಾಯಿ ಬಿಡುತ್ತಿರಲಿಲ್ಲ. ಕೊನೆಯ ಸುತ್ತಿಗೆ ಅದೇ ಟ್ರಕ್, ಅರ್ಧ ಬಾಡಿ ಇಲ್ಲದೆ, ಗುಡುಗಿಕೊಂಡು ಹೊರಬಂತು. ನಾನು ಎದ್ದು ನಿಂತು ಕೂಗಿದೆ. ನೀವು ಹೋದರೆ ದಯವಿಟ್ಟು ಮಕ್ಕಳಿಗೆ ಆ ಮೂಲೆ ತೋರಿಸಿ. ಬೀಳುವುದನ್ನು ಅವರು ಹೇಗೂ ನೋಡುತ್ತಾರೆ. ರಿಪೇರಿ ನೋಡಲು ಯಾರಾದರೂ ಬೆರಳು ಮಾಡಿ ತೋರಿಸಬೇಕು.

ಪ್ರಶ್ನೆ: ನಾವು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೇವೆ. ಸಣ್ಣ ಊರುಗಳ ಜಾತ್ರೆಯಂಥ ಕಡೆ ಇಂಥ ಪ್ರದರ್ಶನ ನಡೆದರೆ ಮಕ್ಕಳ ಜೊತೆ ಹೋಗಬಹುದಾ?
— ದಂಪತಿ, ಐಂಡ್‌ಹೋವನ್

ಇದಕ್ಕೆ ನಾನು ತುಂಬಾ ಗಟ್ಟಿಯಾಗಿ ಉತ್ತರ ಕೊಡುತ್ತೇನೆ. ಟಿಕೆಟ್‌ಗೆ ದುಡ್ಡು ಕೊಟ್ಟ ಮೇಲೂ, ಜಾಗ ನೋಡಿ ಸರಿ ಅನ್ನಿಸದಿದ್ದರೆ ವಾಪಸ್ ಬನ್ನಿ.

ನಿಮ್ಮ ದೇಶದಲ್ಲೇ ಆಗಿದೆ. 2014ರ ಸೆಪ್ಟೆಂಬರ್ 28ರಂದು ಹಾಕ್ಸ್‌ಬರ್ಗನ್ ಊರಿನಲ್ಲಿ, ಪಾರ್ಕಿಂಗ್ ಜಾಗದಲ್ಲಿ ಪ್ರದರ್ಶನ ಇಟ್ಟಿದ್ದರು. ಕಾರುಗಳ ಮೇಲೆ ಹತ್ತಿ ಇಳಿದ ಟ್ರಕ್ ನಿಲ್ಲದೆ ಜನರ ಮೇಲೆ ನುಗ್ಗಿತು. 3 ಜನ ಸತ್ತರು. ಅದಕ್ಕೆ ಒಂದು ವರ್ಷ ಮುಂಚೆ, 2013ರ ಅಕ್ಟೋಬರ್‌ನಲ್ಲಿ, ಮೆಕ್ಸಿಕೋದ ಚಿವಾವಾದಲ್ಲಿ ಹೀಗೇ ಆಗಿ 8 ಜನ ತೀರಿಕೊಂಡರು. ಜನ ಮತ್ತು ಟ್ರಕ್ಕಿನ ನಡುವೆ ಸಾಕಷ್ಟು ಜಾಗ ಇರಲಿಲ್ಲ.

ದೊಡ್ಡ ಪ್ರದರ್ಶನಗಳಲ್ಲಿ ಒಂದು ಏರ್ಪಾಡು ಇರುತ್ತದೆ. ಹೊರಗೆ ನಿಂತ ಅಧಿಕಾರಿಯ ಕೈಯಲ್ಲಿ ರಿಮೋಟ್. ಟ್ರಕ್ ಹಿಡಿತ ತಪ್ಪಿತು ಅನ್ನಿಸಿದ ತಕ್ಷಣ ಅವರು ಗುಂಡಿ ಒತ್ತಿದರೆ ಎಂಜಿನ್ ಅಲ್ಲೇ ಸ್ತಬ್ಧ. ಡ್ರೈವರ್‌ಗೆ ಎಚ್ಚರ ತಪ್ಪಿದ್ದರೂ ಪರವಾಗಿಲ್ಲ. ನೀವು ಹೋಗುವ ಕಡೆ ಇದು ಇದೆಯಾ ಅಂತ ಮೊದಲೇ ಕೇಳಿ. ಕೇಳಲು ನಾಚಿಕೆ ಬೇಡ. ಸರಿಯಾಗಿ ನಡೆಸುವವರು ಖುಷಿಯಿಂದ ಹೇಳುತ್ತಾರೆ.

ಆಮೇಲೆ ನಿಮ್ಮ ಕಣ್ಣಲ್ಲೇ ನೋಡಿ. ಜನ ಎತ್ತರದ ಗ್ಯಾಲರಿಯಲ್ಲಿ ಇದ್ದಾರಾ, ಇಲ್ಲಾ ಟ್ರಕ್ ಓಡುವ ಸಮತಟ್ಟಿನಲ್ಲೇ ನಿಂತಿದ್ದಾರಾ? ನಡುವೆ ಇರುವುದು ಬರೀ ಹಗ್ಗ, ಕಂಬಿಬೇಲಿನಾ? ಹಾರಿ ಇಳಿದ ಟ್ರಕ್ಕಿನ ಮೂತಿ ಯಾರ ಕಡೆ ಇರುತ್ತದೆ? ಆ ನೇರದಲ್ಲಿ ಮಾತ್ರ ನಿಲ್ಲಲೇಬೇಡಿ.

ಒಳಾಂಗಣದಲ್ಲೂ ಮುಂದಿನ ಸಾಲು ಬೇಡ. 2009ರ ಜನವರಿಯಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ಟ್ರಕ್ಕಿನಿಂದ ಕಿತ್ತು ಬಂದ ಲೋಹದ ತುಂಡು ಬಡಿದು ಆರು ವರ್ಷದ ಮಗು ಹೋಯಿತು. ಡಲ್ಲಾಸ್‌ನ ತಾಯಿಗೆ ಮೇಲಿನ ಸಾಲು ಅಂತ ಹೇಳಿದ್ದು ಸದ್ದಿಗೆ ಮಾತ್ರ ಅಲ್ಲ.

ಪ್ರಶ್ನೆ: ಮೊಣಕಾಲು ನೋವಿರುವ ಅತ್ತೆಯನ್ನು ಕರೆದುಕೊಂಡು ಹೋದಿರಲ್ಲ, ಅವರಿಗೆ ತೊಂದರೆ ಆಗಲಿಲ್ಲವಾ? ಊಟಕ್ಕೇನು ಮಾಡಿದಿರಿ?
— ಓದುಗರು, ನ್ಯೂಜೆರ್ಸಿ

ಮನೆಯಲ್ಲೇ ಹೊಟ್ಟೆ ತುಂಬಾ ಮೊಸರನ್ನ ತಿಂದು ಹೊರಟೆವು. ಇಂಥ ಸ್ಟೇಡಿಯಂಗಳಲ್ಲಿ ಸಾಮಾನ್ಯವಾಗಿ ಹೊರಗಿನ ಊಟ ಬಿಡುವುದಿಲ್ಲ, ಬ್ಯಾಗೂ ಒಳಗಿರುವುದು ಕಾಣುವಂಥದ್ದೇ ಆಗಬೇಕು. ಸಸ್ಯಾಹಾರಿಗಳಿಗೆ ಒಳಗೆ ಆಲೂಗಡ್ಡೆ ಫ್ರೈ, ಪಾಪ್‌ಕಾರ್ನ್ ಸಿಗುತ್ತದೆ. ದುಬಾರಿ. ಮೆಟ್ಟಿಲು ಕಡಿಮೆ ಇರುವ ಸೀಟು ಬೇಕು ಅಂತ ಟಿಕೆಟ್ ತೆಗೆಯುವಾಗಲೇ ಕೇಳಿ, ಸಿಗುತ್ತದೆ. ಅತ್ತೆಗೂ ಇಯರ್ ಮಫ್ ಹಾಕಿಸಿದ್ದೆವು. ಮೊದಲು ಸೆರಗು ಮುಖಕ್ಕೆ ಹಿಡಿದು ಕೂತಿದ್ದರು. ಅರ್ಧ ಗಂಟೆಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಮ್ಮಗನ ಜೊತೆ ಹಸಿರು ಟ್ರಕ್ಕಿನ ಪಕ್ಷ ವಹಿಸಿದ್ದರು.

ಪ್ರಶ್ನೆ: ಒಳ್ಳೆಯ ಕಾರುಗಳನ್ನು ಜಜ್ಜುವುದು, ಇಂಧನ ಸುಡುವುದು. ಇದರಿಂದ ಮಕ್ಕಳು ಕಲಿಯುವುದೇನು? ನೀವು ಇದನ್ನು ಹೊಗಳಿದ್ದು ನನಗೆ ಹಿಡಿಸಲಿಲ್ಲ.
— ನಿವೃತ್ತ ಶಿಕ್ಷಕಿ, ಮೈಸೂರು

ಮೇಡಂ, ನಿಮ್ಮ ಮಾತಿನಲ್ಲಿ ಅರ್ಧ ನಾನು ಒಪ್ಪುತ್ತೇನೆ. ಇಂಧನ ಸುಡುತ್ತದೆ. ಒಂದು ರಾತ್ರಿಗಾಗಿ ಲಾರಿಗಟ್ಟಲೆ ಮಣ್ಣು ತಂದು ಸುರಿದು ಮತ್ತೆ ಹೊತ್ತುಕೊಂಡು ಹೋಗುತ್ತಾರೆ. ಹಾಗಾಗಿಯೇ ನಾವು ವರ್ಷಾ ವರ್ಷಾ ಹೋಗುವುದಿಲ್ಲ. ಜಜ್ಜುವ ಕಾರುಗಳು ಮಾತ್ರ ಗುಜರಿಯವು. ನಾವು ನೋಡಿದ ದಿನ ಹೆಚ್ಚಿನದೆಲ್ಲಾ ಮಣ್ಣಿನ ದಿಬ್ಬವೇ.

ಇದು ಶುರುವಾದ ಕತೆ ಕೇಳಿ. ಮಿಸ್ಸೂರಿ ರಾಜ್ಯದ ಸೇಂಟ್ ಲೂಯಿಸ್ ಹತ್ತಿರ ಬಾಬ್ ಚಾಂಡ್ಲರ್ ಅನ್ನುವವರು ಫೋರ್ ವೀಲ್ ಡ್ರೈವ್ ಗಾಡಿಗಳ ಬಿಡಿಭಾಗದ ಅಂಗಡಿ ಇಟ್ಟಿದ್ದರು. ಅವರ ಹತ್ತಿರ 1974ರ ಫೋರ್ಡ್ ಎಫ್-250 ಪಿಕಪ್ ಇತ್ತು. ಜೋರಾಗಿ ಓಡಿಸಿ ಓಡಿಸಿ ಏನಾದರೂ ಮುರಿಯುತ್ತಿತ್ತು. ಮುರಿದದ್ದರ ಜಾಗಕ್ಕೆ ಅದಕ್ಕಿಂತ ಗಟ್ಟಿಯಾದದ್ದು ಹಾಕುತ್ತಿದ್ದರು. ಆಕ್ಸಲ್ ದೊಡ್ಡದಾಯಿತು, ಟೈರು ದೊಡ್ಡದಾಯಿತು. ಆಕ್ಸಲರೇಟರ್ ಮೇಲೆ ಅವರ ಕಾಲು ಭಾರ ಅಂತ ಗಾಡಿಗೆ ಬಿಗ್‌ಫುಟ್ ಅಂತಲೇ ಹೆಸರು ಬಿತ್ತು. 1981ರಲ್ಲಿ ಒಂದು ಹೊಲದಲ್ಲಿ ಎರಡು ಹಳೇ ಕಾರಿನ ಮೇಲೆ ಹತ್ತಿಸಿ ನೋಡಿದರು. ಅಲ್ಲಿಂದ ಇಷ್ಟು ದೂರ ಬಂತು.

ಅವತ್ತು ರಾತ್ರಿ ಮನೆಗೆ ಬಂದ ಮೇಲೆ ನನ್ನ ಮಗಳು ತಮ್ಮನ ಮುರಿದ ಆಟದ ಟ್ರಕ್ ತೆಗೆದುಕೊಂಡು ನನ್ನ ಹತ್ತಿರ ಬಂದಳು. ಎರಡು ತಿಂಗಳಿಂದ ಮೂಲೆಯಲ್ಲಿ ಬಿದ್ದಿದ್ದು. ಸ್ಕ್ರೂಡ್ರೈವರ್ ಕೇಳಿದಳು. ನಾವಿಬ್ಬರೂ ಹನ್ನೊಂದು ಗಂಟೆವರೆಗೆ ಊಟದ ಟೇಬಲ್ ಮೇಲೆ ಅದನ್ನು ಬಿಚ್ಚಿ ಕೂತಿದ್ದೆವು. ಚಕ್ರ ತಿರುಗಿತು. ಇದಕ್ಕಿಂತ ಹೆಚ್ಚು ನನಗೆ ಹೇಳಲು ಗೊತ್ತಿಲ್ಲ, ಮೇಡಂ. ಮತ್ತೆ ಬರೆಯಿರಿ.

ಪ್ರಶ್ನೆ: ಆಂಟಿ, ನನಗೆ ಹತ್ತು ವರ್ಷ. ನನ್ನ ಹತ್ರ ಗ್ರೇವ್ ಡಿಗ್ಗರ್ ಆಟದ ಟ್ರಕ್ ಇದೆ. ಹುಡುಗಿಯರು ಇದನ್ನ ಓಡಿಸಲ್ಲ ಅಂತ ಅಣ್ಣ ಹೇಳ್ತಾನೆ. ನಿಜಾನಾ?
— ಒಬ್ಬ ಪುಟ್ಟಿ, ಬೆಂಗಳೂರು

ಪುಟ್ಟಿ, ನಿನ್ನ ಕೈಯಲ್ಲಿರುವ ಟ್ರಕ್ಕಿನ ಕತೆಯಲ್ಲೇ ಉತ್ತರ ಇದೆ. ಗ್ರೇವ್ ಡಿಗ್ಗರ್ ಕಟ್ಟಿದವರು ನಾರ್ತ್ ಕ್ಯಾರೊಲಿನಾದ ಡೆನಿಸ್ ಆಂಡರ್ಸನ್, 1982ರಲ್ಲಿ. ಮೊದಲು ಅದೊಂದು ಹಳೇ ಫೋರ್ಡ್ ಪಿಕಪ್. ಆಮೇಲೆ ಅವರ ಮಕ್ಕಳೂ ಓಡಿಸಿದರು. ಅವರಲ್ಲಿ ಮಗಳು ಕ್ರಿಸ್ಟನ್ ಕೂಡ ಇದ್ದಾರೆ. ಗ್ರೇವ್ ಡಿಗ್ಗರ್ ಓಡಿಸಿದ ಮೊದಲ ಹೆಣ್ಣುಮಗಳು ಅವರು. ಅವರಿಗೂ ಮುಂಚೆ ಮಡೂಸಾ ಅನ್ನುವವರು ಇದ್ದರು. ಮೊದಲು ಕುಸ್ತಿಪಟು, ಆಮೇಲೆ ಟ್ರಕ್ ಡ್ರೈವರ್. ಅವರು 2005ರಲ್ಲಿ ಮಾನ್‌ಸ್ಟರ್ ಜ್ಯಾಮ್ ವರ್ಲ್ಡ್ ಫೈನಲ್ಸ್‌ನಲ್ಲಿ ಓಟದ ಸ್ಪರ್ಧೆಯನ್ನೇ ಗೆದ್ದರು.

ನಾವು ಹೋದ ದಿನವೂ ಒಬ್ಬ ಡ್ರೈವರ್ ಎರಡು ಚಕ್ರದ ಕಸರತ್ತು ಮುಗಿಸಿ, ಇಳಿದು, ಹೆಲ್ಮೆಟ್ ತೆಗೆದರು. ಉದ್ದನೆಯ ಜಡೆ ಬೆನ್ನ ಮೇಲೆ ಬಿತ್ತು. ನನ್ನ ಮಗಳು ಸೀಟಿನ ಮೇಲೆ ಹತ್ತಿ ನಿಂತಳು. ಇದನ್ನು ಅಣ್ಣನಿಗೆ ಓದಿ ಹೇಳು. ನಿನ್ನದೇ ಒಂದು ಟ್ರಕ್ ಇದ್ದಿದ್ದರೆ ಅದಕ್ಕೆ ಏನು ಹೆಸರಿಡುತ್ತಿದ್ದೆ, ಯಾವ ಬಣ್ಣ ಬಳಿಯುತ್ತಿದ್ದೆ? ಚಿತ್ರ ಬರೆದು ಕಳಿಸು, ಮುಂದಿನ ಸಂಚಿಕೆಯಲ್ಲಿ ಹಾಕೋಣ.